ಮುಳ್ಳು ಹೇಳಿದ ಸುಳ್ಳು

ಕಾರಿನಲ್ಲಿ ಡ್ರೈವರ್ ಎದುರಿಗೆ ಇರುವ ಮೀಟರುಗಳಲ್ಲಿ ಅತಿ ಹೆಚ್ಚು ಬೈಗುಳ ತಿಂದಿರೋದು ಯಾವುದು ಅಂತ ಯಾರಾದರೂ ಲೆಕ್ಕ ಹಾಕಿದರೆ, ಮೊದಲ ಬಹುಮಾನ ಪೆಟ್ರೋಲ್ ಮೀಟರಿಗೇ ಸಿಗುತ್ತೆ. ಸ್ಪೀಡೋಮೀಟರ್ ಕೆಟ್ಟರೆ ಯಾರೂ ತಲೆ ಕೆಡಿಸಿಕೊಳ್ಳಲ್ಲ. ಕಿಲೋಮೀಟರ್ ಓಡೋದು ನಿಂತರೆ ಮಾರುವಾಗ ಖುಷಿಯೇ :-) ಆದರೆ ಪೆಟ್ರೋಲ್ ಮುಳ್ಳು ಸುಳ್ಳು ಹೇಳಿದರೆ ಕ್ಯಾನ್ ಹಿಡಿದು ನಡೆಯಬೇಕಾದವರು ನಾವು. ನಮ್ಮ ಹಾಲ್ಕುರಿಕೆಯ ಮಾಮನ ಹಳೇ ಕಾರಿನ ಮುಳ್ಳನ್ನು ರಿಪೇರಿ ಮಾಡಲು ಹೋಗಿ ನಾನು ಈ ಮೀಟರಿನ ಚರಿತ್ರೆಯನ್ನೇ ಕೆದಕಬೇಕಾಯ್ತು. ಹಾಗೆ ಕೆದಕುವಾಗ ನಮ್ಮ ಮನೆಯ ಒಂದು ಹಳೇ ಜಗಳದ ಬುಡವೂ ಸಿಕ್ಕಿತು. ಅದು ಆಮೇಲೆ. ಮೊದಲು ಚರಿತ್ರೆ.

ಮೊದಲ ಕಾರುಗಳಲ್ಲಿ ಪೆಟ್ರೋಲ್ ಮೀಟರ್ ಅನ್ನೋದೇ ಇರಲಿಲ್ಲ. 1908ರಿಂದ 1927ರವರೆಗೆ ಬಂದ ಫೋರ್ಡ್ ಮಾಡೆಲ್ ಟಿ ಕಾರುಗಳಲ್ಲಿ ಹೆಚ್ಚಿನವಕ್ಕೆ ಟ್ಯಾಂಕು ಮುಂದಿನ ಸೀಟಿನ ಕೆಳಗೆ. ಎಷ್ಟು ಪೆಟ್ರೋಲ್ ಇದೆ ನೋಡಬೇಕಾ? ಕಾರು ನಿಲ್ಲಿಸಿ, ಇಳಿದು, ಸೀಟು ಎತ್ತಿ, ಮುಚ್ಚಳ ತೆಗೆದು, ಒಂದು ಕಡ್ಡಿ ಅದ್ದಿ ನೋಡಬೇಕು. ಅಮೆರಿಕದ ಅಂಗಡಿಗಳವರು ಗ್ಯಾಲನ್ ಗುರುತು ಹಾಕಿದ ಮರದ ಪಟ್ಟಿಗಳ ಮೇಲೆ ತಮ್ಮ ಹೆಸರು ಅಚ್ಚು ಹಾಕಿಸಿ ಪುಕ್ಕಟೆ ಹಂಚುತ್ತಿದ್ದರಂತೆ, ನಮ್ಮಲ್ಲಿ ಜವಳಿ ಅಂಗಡಿಯವರು ಕ್ಯಾಲೆಂಡರ್ ಕೊಡೋ ಹಾಗೆ. ಆ ಕಾರಿನಲ್ಲಿ ಪೆಟ್ರೋಲ್ ಪಂಪೂ ಇರಲಿಲ್ಲ, ಮೇಲಿನ ಟ್ಯಾಂಕಿನಿಂದ ಕೆಳಗಿನ ಇಂಜಿನ್ನಿಗೆ ತಾನಾಗಿ ಇಳಿದು ಬರಬೇಕು. ಹಾಗಾಗಿ ಪೆಟ್ರೋಲ್ ಕಮ್ಮಿ ಇದ್ದಾಗ ಕಡಿದಾದ ಏರು ಬಂದರೆ ಇಂಜಿನ್ನೇ ಮೇಲಾಗಿ ಬಿಡೋದು. ಆಗ ಜನ ಕಾರು ತಿರುಗಿಸಿ ರಿವರ್ಸ್‌ನಲ್ಲಿ ಏರು ಹತ್ತುತ್ತಿದ್ದರು! ನಂಬಿ, ಇದು ನಿಜ.

ಕಡ್ಡಿ ಅದ್ದೋ ವಿದ್ಯೆ ನಮಗೇನೂ ಹೊಸದಲ್ಲ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯವರಿಗೆ ಕಡ್ಡಿಗೇನು ಬರ? ತೆಂಗಿನ ಗರಿ ಸೀಳಿದರೆ ಕಡ್ಡಿಯೇ ಕಡ್ಡಿ. ಪೊರಕೆಯಿಂದ ಒಂದು ಕಡ್ಡಿ ಎಳೆದು ಸ್ಕೂಟರಿನ ಟ್ಯಾಂಕಿಗೆ ಇಳಿಬಿಟ್ಟು, ಒದ್ದೆಯಾದ ಜಾಗಕ್ಕೆ ಉಗುರು ಒತ್ತಿ "ಇನ್ನೂ ಐತೆ ಬುಡು" ಅಂತ ಹೊರಟು ಬಿಡೋರನ್ನು ನಾನೇ ನೋಡಿದ್ದೀನಿ. ಇನ್ನು ಕೆಲವರು ಗಾಡಿಯನ್ನೇ ಅಲ್ಲಾಡಿಸಿ ಕಿವಿ ಕೊಡೋರು. ಅದೂ ನಮ್ಮ ಕಡೆಯ ವಿದ್ಯೆಯೇ. ಉಂಡೆ ಕೊಬ್ಬರಿ ಮಾಡೋರು ಕಾಯನ್ನು ಸಿಪ್ಪೆ ಸಮೇತ ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಬಿಡ್ತಾರೆ. ಒಂದು ಕಾಯಿ ತೆಗೆದು ಕಿವಿ ಹತ್ತಿರ ಅಲ್ಲಾಡಿಸಿದರೆ ಸಾಕು, ನೀರು ಗೊಳಗೊಳ ಅಂದರೆ ಇನ್ನೂ ಆಗಿಲ್ಲ, ಒಳಗೆ ಕೊಬ್ಬರಿ ಚಿಪ್ಪು ಬಿಟ್ಟು ಗಡಗಡ ಅಂದರೆ ಆಯ್ತು ಅಂತ ಅರ್ಥ. ಒಡೆಯದೆ ಒಳಗಿನದನ್ನು ತಿಳಿಯೋದು ಅಂದರೆ ಇದೇ. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಕಡ್ಡಿಗೂ ಮೀಟರಿಗೂ ನಡುವೆ ಇನ್ನೊಂದು ಉಪಾಯ ಇತ್ತು, ರಿಸರ್ವ್. 1961ರಲ್ಲಿ ಮೈಸೂರಿನಲ್ಲಿ ಶುರುವಾದ ಐಡಿಯಲ್ ಜಾವಾ ಕಾರ್ಖಾನೆಯ ಜಾವಾ, ಯೆಜ್ಡಿ ಬೈಕುಗಳನ್ನು ಓಡಿಸಿದವರಿಗೆ ಇದು ಗೊತ್ತು. ಟ್ಯಾಂಕಿನ ಒಳಗೆ ಎರಡು ಕೊಳವೆ, ಒಂದು ಉದ್ದ, ಒಂದು ಗಿಡ್ಡ. ಮಾಮೂಲಿ ಓಡುವಾಗ ಎತ್ತರದ ಕೊಳವೆಯ ಬಾಯಿಂದ ಪೆಟ್ರೋಲ್ ಇಳಿಯುತ್ತೆ. ಮಟ್ಟ ಅದರ ಬಾಯಿಗಿಂತ ಕೆಳಗೆ ಹೋದ ಕೂಡಲೇ ಗಾಡಿ ಗಕ್ ಗಕ್ ಅನ್ನುತ್ತೆ. ಆಗ ಕೈಹಾಕಿ ನಲ್ಲಿ ತಿರುಗಿಸಿದರೆ ಗಿಡ್ಡ ಕೊಳವೆ ಬಾಯಿ ತೆರೆಯುತ್ತೆ. ಮುಳ್ಳಿಲ್ಲ, ವೈರಿಲ್ಲ, ಕೆಡಲು ಏನೂ ಇಲ್ಲ. ಜರ್ಮನಿಯ ಬೀಟಲ್ ಕಾರು ಕೂಡ 1960ರ ದಶಕದ ಆರಂಭದವರೆಗೆ ಮೀಟರ್ ಇಲ್ಲದೆ ಇಂಥದೇ ರಿಸರ್ವ್ ನಲ್ಲಿಯಲ್ಲಿ ಕಾಲ ಹಾಕಿತು. ನನ್ನನ್ನು ಕೇಳಿದರೆ ಇದಕ್ಕಿಂತ ಪ್ರಾಮಾಣಿಕ ಮೀಟರ್ ಇನ್ನೂ ಬಂದಿಲ್ಲ. (ನಲ್ಲಿಯನ್ನು ರಿಸರ್ವ್‌ನಲ್ಲೇ ಮರೆತು ಬಿಡೋರಿಗೆ ಮಾತ್ರ ದೇವರೇ ಗತಿ.)

ಇನ್ನು ಮುಳ್ಳಿನ ಕಾಲ. ತತ್ವ ತೀರಾ ಸರಳ. ಟ್ಯಾಂಕಿನ ಒಳಗೆ ಒಂದು ತೇಲುವ ಬುರುಡೆ, ಹಳೇ ಕಾರಿನಲ್ಲಿ ಹಿತ್ತಾಳೆಯದು. ಅದಕ್ಕೊಂದು ಕಡ್ಡಿ, ಕಡ್ಡಿಯ ತುದಿ ಒಂದು ರೆಸಿಸ್ಟೆನ್ಸ್ ತಂತಿಯ ಸುರುಳಿ ಮೇಲೆ ಜಾರುತ್ತೆ. ಬ್ಯಾಟರಿಯಿಂದ ಹೊರಟ ಕರೆಂಟು ಮೀಟರ್ ಹೊಕ್ಕು, ಒಂಟಿ ವೈರಿನಲ್ಲಿ ಹಿಂದಿನ ಟ್ಯಾಂಕಿಗೆ ಬಂದು, ಆ ಸುರುಳಿ ದಾಟಿ, ಕಾರಿನ ಮೈಯನ್ನೇ ದಾರಿ ಮಾಡಿಕೊಂಡು ಬ್ಯಾಟರಿಗೆ ವಾಪಸ್. ಈ "ಕಾರಿನ ಮೈಯೇ ದಾರಿ" ಅನ್ನೋದನ್ನು ಮೆಕ್ಯಾನಿಕ್‌ಗಳು ಅರ್ತಿಂಗ್ ಅಂತಾರೆ. ವೈರ್ ಉಳಿಸಲು ಮಾಡಿದ ಉಪಾಯ. ಕಬ್ಬಿಣದ ಮೈ ಇದ್ದಾಗ ಸರಿ. 1980ರ ದಶಕದಲ್ಲಿ ನಮ್ಮ ಬೆಂಗಳೂರಿನಲ್ಲೇ ತಯಾರಾಗುತ್ತಿದ್ದ ಸಿಪಾನಿ ಡಾಲ್ಫಿನ್ ನೆನಪಿದೆಯಾ? ಇಂಗ್ಲೆಂಡಿನ ರಿಲಯಂಟ್ ಕಿಟನ್ ಕಾರಿನ ಅಚ್ಚಿನಲ್ಲಿ ಮಾಡಿದ ಪುಟ್ಟ ಕಾರು, ಫೈಬರ್ ಮೈ. ಫೈಬರಿನಲ್ಲಿ ಕರೆಂಟು ಹರಿಯಲ್ಲ, ಹಾಗಾಗಿ ಅಂಥ ಕಾರುಗಳಲ್ಲಿ ವಾಪಸ್ ಬರೋ ದಾರಿಯನ್ನೂ ವೈರಿನಲ್ಲೇ ಎಳೆಯಬೇಕು. ಬಡಪಾಯಿ ಕಾರನ್ನು ಜನ ಎಷ್ಟೋ ಗೇಲಿ ಮಾಡಿದರು. ಆದರೆ ವೈರು ತುಕ್ಕು ಹಿಡಿದ ತಗಡಿಗಿಂತ ನಂಬಿಕಸ್ಥ ಅಂತ ನನ್ನ ಅಭಿಪ್ರಾಯ.

ಕಾರು ಕಾರ್ಖಾನೆ ವಿಷಯ ಬಂದಿದ್ದಕ್ಕೆ ಒಂದು ಅಡ್ಡಮಾತು. ಕಾರುಗಳು ಬೆಂಗಳೂರಿನಲ್ಲೇ ತಯಾರಾಗೋ ಅವಕಾಶ ಅದಕ್ಕೂ ಎಷ್ಟೋ ಮೊದಲೇ ಇತ್ತು. ಸರ್ ಎಂ. ವಿಶ್ವೇಶ್ವರಯ್ಯನವರು 1935ರಲ್ಲಿ ಯುರೋಪು, ಅಮೆರಿಕ ಸುತ್ತಿ, ಕಾರು ಕಾರ್ಖಾನೆಗಳನ್ನು ನೋಡಿ ಬಂದು ಯೋಜನೆ ತಯಾರಿಸಿದ್ದರು. ವಾಲ್‌ಚಂದ್ ಹೀರಾಚಂದ್ ದುಡ್ಡು ಹಾಕಲು ಸಿದ್ಧರಿದ್ದರು, ಮೈಸೂರು ಸಂಸ್ಥಾನವೂ ಕೈಜೋಡಿಸಲು ತಯಾರಿತ್ತು. ಬ್ರಿಟಿಷ್ ಸರ್ಕಾರ ಒಪ್ಪಲಿಲ್ಲ. ಅದೇ ವಾಲ್‌ಚಂದ್ 1940ರಲ್ಲಿ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಶುರು ಮಾಡಿದರು, ಕಾರಿನ ಕನಸು 1944ರಲ್ಲಿ ಬೊಂಬಾಯಿಯ ಪ್ರೀಮಿಯರ್ ಆಟೋಮೊಬೈಲ್ಸ್ ಆಯಿತು. ವಿಮಾನ ಕಟ್ಟಬಹುದು ಕಾರು ಕಟ್ಟಬಾರದು... ಯುದ್ಧದ ಕಾಲದ ಲೆಕ್ಕಾಚಾರವೇ ಬೇರೆ ಬಿಡಿ.

ಆಮೇಲೆ ನಮ್ಮ ರಸ್ತೆಗಳ ಮೇಲೆ ಹತ್ತಾರು ವರ್ಷ ಓಡಿದ್ದು ಅಂಬಾಸಿಡರ್ ಮತ್ತು ಪ್ರೀಮಿಯರ್ ಪದ್ಮಿನಿ. ಒಂದು ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್, ಇನ್ನೊಂದು ಇಟಲಿಯ ಫಿಯೆಟ್ 1100. ಹೊಸ ಕಾರಿಗೆ ವರ್ಷಗಟ್ಟಲೆ ಪಾಳಿ. ಹಾಗಾಗಿ ಹಳೇ ಕಾರಿಗೆ ಭಾರಿ ಬೆಲೆ, ಒಂದೇ ಕಾರು ನಾಲ್ಕು ಮನೆ ದಾಟಿ ಬರೋದು. ನಾಲ್ಕನೇ ಮನೆಗೆ ಬರುವಾಗ ಇಂಜಿನ್ ಓಡುತ್ತಿರುತ್ತೆ, ಬ್ರೇಕು ಹಿಡಿಯುತ್ತಿರುತ್ತೆ, ಪೆಟ್ರೋಲ್ ಮುಳ್ಳು ಮಾತ್ರ ಮಲಗಿರುತ್ತೆ. ಅದನ್ನು ಯಾರೂ ರಿಪೇರಿ ಮಾಡಿಸಲ್ಲ, ಯಾಕಂದ್ರೆ ಕಡ್ಡಿ ಇದೆಯಲ್ಲ! 1983ರ ಡಿಸೆಂಬರ್‌ನಲ್ಲಿ ಮಾರುತಿ 800 ಬಂದ ಮೇಲೆ ಹುಟ್ಟಿದವರಿಗೆ "ಮುಳ್ಳನ್ನು ನಂಬಬಹುದು" ಅನ್ನೋದು ಸಹಜ ವಿಷಯ. ಅದಕ್ಕೂ ಹಿಂದಿನವರಿಗೆ ಅದೊಂದು ಅಲಂಕಾರ.

ಅದೇ 1983ರಲ್ಲಿ, ಜುಲೈ 23ರಂದು, ಮೀಟರ್ ಕೆಟ್ಟರೆ ಕಡ್ಡಿ ಇದೆಯಲ್ಲ ಅನ್ನೋ ಮಾತಿಗೆ ಜಗತ್ತಿನ ಅತಿ ದೊಡ್ಡ ಪಾಠ ಕೆನಡಾದಲ್ಲಿ ನಡೆಯಿತು. ಏರ್ ಕೆನಡಾದ ಹೊಚ್ಚಹೊಸ ಬೋಯಿಂಗ್ 767. ಇಂಧನ ತೋರಿಸೋ ಯಂತ್ರದೊಳಗೆ ಒಂದು ಬೆಸುಗೆ ಸರಿಯಾಗಿ ಕೂತಿರಲಿಲ್ಲ, ಪರದೆ ಖಾಲಿ. ಸರಿ, ಟ್ಯಾಂಕಿನ ಅಡಿಯಿಂದ ಅಳತೆ ಕಡ್ಡಿ ಎಳೆದು ನೋಡಿದರು, 7,682 ಲೀಟರ್ ಇತ್ತು. ಎಡ್ಮಂಟನ್ ಮುಟ್ಟಲು ಬೇಕಿದ್ದದ್ದು 22,300 ಕಿಲೋ. ಲೀಟರನ್ನು ಕಿಲೋ ಮಾಡಲು ಸುಮಾರು 0.8ರಿಂದ ಗುಣಿಸಬೇಕು. ಅವರು ಗುಣಿಸಿದ್ದು 1.77ರಿಂದ, ಅದು ಲೀಟರಿಗೆ ಎಷ್ಟು ಪೌಂಡ್ ಅನ್ನೋ ಸಂಖ್ಯೆ. ಕೆನಡಾ ಆಗ ತಾನೇ ಪೌಂಡಿನಿಂದ ಕಿಲೋಗೆ ಬದಲಾಗುತ್ತಿತ್ತು. ಈ ಲೆಕ್ಕದ ಪ್ರಕಾರ 4,917 ಲೀಟರ್ ಸೇರಿಸಿದರೆ ಸಾಕು ಅಂತ ಬಂತು, ಸೇರಿಸಿದರು, ಹೊರಟರು. ನೀವೇ ಗುಣಿಸಿ ನೋಡಿ, ಟ್ಯಾಂಕಿನಲ್ಲಿ ಇದ್ದದ್ದು ಹತ್ತು ಸಾವಿರ ಕಿಲೋ ಚಿಲ್ಲರೆ, ಬೇಕಾದ್ದರ ಅರ್ಧಕ್ಕೂ ಕಮ್ಮಿ. ಆಕಾಶದಲ್ಲೇ ಎರಡೂ ಇಂಜಿನ್ ನಿಂತವು. ಕ್ಯಾಪ್ಟನ್ ಬಾಬ್ ಪಿಯರ್ಸನ್‌ಗೆ ಗ್ಲೈಡರ್ ಓಡಿಸಿ ಅಭ್ಯಾಸ ಇತ್ತು, ಗಿಮ್ಲಿ ಅನ್ನೋ ಊರಿನ ಹಳೇ ವಾಯುನೆಲೆಯಲ್ಲಿ ವಿಮಾನವನ್ನು ತೇಲಿಸಿಕೊಂಡು ಬಂದು ಇಳಿಸಿದರು. 69 ಜನರೂ ಬದುಕಿದರು. ಅಲ್ಲಿ ಕಡ್ಡಿ ಸುಳ್ಳು ಹೇಳಲಿಲ್ಲ. ಕಡ್ಡಿಯನ್ನು ಓದುವ ಕೋಷ್ಟಕ ತಪ್ಪಿತ್ತು.

ಈಗ ಹಾಲ್ಕುರಿಕೆ ಕಥೆಗೆ ಬರೋಣ, ಅಲ್ಲೂ ಕೋಷ್ಟಕದ್ದೇ ತಕರಾರು.

ಮಾಮ 1991ರಲ್ಲಿ ಕೊಬ್ಬರಿ ಮಾರಿದ ದುಡ್ಡಲ್ಲಿ ಸೆಕೆಂಡ್ ಹ್ಯಾಂಡ್ ಕಾರು ತಗೊಂಡ. ಯಾವ ಕಂಪನಿ ಅಂತ ಹೇಳಲ್ಲ, ಮುದುಕಿಯ ಕಾಯಿಲೆಗೆ ತವರು ಮನೆಯನ್ನು ಯಾಕೆ ಎಳೆಯೋದು :-) ಆ ಕಾರಿನಲ್ಲಿ ಟ್ಯಾಂಕು ತುಂಬಿಸಿದರೂ ಮುಳ್ಳು ಕಾಲು ಭಾಗಕ್ಕಿಂತ ಮೇಲೇಳುತ್ತಿರಲಿಲ್ಲ. ಮಾಮ ಲೆಕ್ಕದ ಮನುಷ್ಯ. ಕೊಬ್ಬರಿ ಲೆಕ್ಕದ ಪುಸ್ತಕದ ಹಿಂದಿನ ಹಾಳೆಗಳಲ್ಲಿ ಪ್ರತಿ ಸಲ ಪೆಟ್ರೋಲ್ ಹಾಕಿಸಿದಾಗಲೂ ತಾರೀಕು, ಕಿಲೋಮೀಟರ್, ಮುಳ್ಳು ಎಲ್ಲಿತ್ತು, ಎಷ್ಟು ಲೀಟರ್ ಹಿಡೀತು ಅಂತ ಬರೆದಿಟ್ಟಿದ್ದಾನೆ. ಟ್ಯಾಂಕು 38 ಲೀಟರಿನದು. ಮುಳ್ಳು ಪೂರ್ತಿ ಮಲಗಿದಾಗ ಹಿಡಿದದ್ದು 28, 29, 28... ಅಂದರೆ ಮುಳ್ಳು ಮಲಗಿದರೂ ಒಳಗೆ ಒಂಬತ್ತು ಹತ್ತು ಲೀಟರ್ ಇರುತ್ತೆ. "ಮುಳ್ಳು ಮಲಗಿದ ಮೇಲೂ ತುಮಕೂರು ನೋಡಬೋದು ಕಣೋ" ಅನ್ನೋದು ಅವನ ಗಾದೆ. ಹನ್ನೆರಡು ವರ್ಷ ಆ ಗಾದೆ ಅವನಿಗೆ ಕೈ ಕೊಡಲಿಲ್ಲ.

2003ರಲ್ಲಿ ಕೊಟ್ಟಿತು. ಒಂದು ರಾತ್ರಿ ಅಜ್ಜಿಗೆ ಉಸಿರಾಟದ ತೊಂದರೆ ಜೋರಾಯ್ತು, ತುಮಕೂರಿಗೆ ಕರಕೊಂಡು ಹೋಗಬೇಕಾಯ್ತು. ಮುಳ್ಳು ತಳದಿಂದ ಒಂದು ಕೂದಲೆಳೆ ಮೇಲಿತ್ತು, ಮಾಮನ ಲೆಕ್ಕದಲ್ಲಿ ಹತ್ತು ಲೀಟರಿಗಿಂತ ಜಾಸ್ತಿ. ಕಿಬ್ಬನಹಳ್ಳಿ ಕ್ರಾಸ್ ದಾಟಿ, ನಿಟ್ಟೂರು ಇನ್ನೂ ಮುಟ್ಟಿಲ್ಲ, ಕಾರು ನಿಂತಿತು. ಟ್ಯಾಂಕು ಒಣಗಿತ್ತು. ಯಾರೋ ಪುಣ್ಯಾತ್ಮರು ಸಿಗುವವರೆಗೆ ಒಂದೂವರೆ ಗಂಟೆ ರಸ್ತೆ ಬದಿಯಲ್ಲಿ. ಅಜ್ಜಿ ಉಳಿದರು, ಆಮೇಲೂ ಹನ್ನೊಂದು ವರ್ಷ ಇದ್ದರು. ಆದರೆ ಅದಕ್ಕೆ ಹಿಂದಿನ ಎರಡು ದಿನ ಆ ಕಾರನ್ನು ಓಡಿಸಿದ್ದು ನಮ್ಮಪ್ಪ. ಪೆಟ್ರೋಲ್ ಖಾಲಿ ಮಾಡಿ ಹಾಗೇ ತಂದು ನಿಲ್ಲಿಸಿದ್ದಾರೆ ಅಂತ ಮಾಮ. "ನಾನು ಓಡಿಸಿದ್ದು ನಾಲ್ಕು ಲೀಟರಿನಷ್ಟು, ನಾನು ಹತ್ತಿದಾಗ ಮುಳ್ಳು ಕಾಲಿನ ಹತ್ತಿರ ಇತ್ತು" ಅಂತ ಅಪ್ಪ. ಕಾಲು ಅಂದರೆ ಮಾಮನ ಕೋಷ್ಟಕದಲ್ಲಿ ಫುಲ್ ಟ್ಯಾಂಕು! ನಾಲ್ಕು ಲೀಟರ್ ಓಡಿಸಿದರೆ ಫುಲ್ ಟ್ಯಾಂಕು ಖಾಲಿಯಾಗುತ್ತಾ? ಅಪ್ಪ ಸುಳ್ಳು ಹೇಳ್ತಿದ್ದಾರೆ ಅಂತ ಮಾಮನಿಗೆ ಖಾತ್ರಿಯಾಯ್ತು. ನಾನಾಗ ಒಂದನೇ ಕ್ಲಾಸು. ಭಾವ ಭಾಮೈದ ಮದುವೆ ಮುಂಜಿಗಳಲ್ಲಿ ಎದುರಾದರೂ "ಊಟ ಆಯ್ತಾ" ದಾಟಿ ಮಾತಾಡಿದ್ದನ್ನು ನಾನು ನೋಡಲಿಲ್ಲ.

ಮೊನ್ನೆ ರಜಕ್ಕೆ ಹೋದಾಗ ಆ ಕಾರು ಶೆಡ್ಡಿನಲ್ಲಿ ತೆಂಗಿನ ಮಟ್ಟೆಗಳ ಮಧ್ಯೆ ನಿಂತಿತ್ತು. ಓಡುತ್ತೆ, ಆದರೆ ಮುಳ್ಳು ಈಗ ಯಾವತ್ತೂ ಏಳಲ್ಲ. ಟ್ಯಾಂಕು ಸಮೇತ ಬದಲಾಯಿಸಬೇಕು ಅಂದಿದ್ದರಂತೆ ಒಬ್ಬರು. ನಾನು ಓದಿದ್ದು ಎಲೆಕ್ಟ್ರಾನಿಕ್ಸ್, ಹೊಟ್ಟೆಪಾಡಿಗೆ ಮಾಡೋದು ಸಾಫ್ಟ್‌ವೇರು. ಅಪರೂಪಕ್ಕೆ ಮಲ್ಟಿಮೀಟರ್ ಹಿಡಿಯೋ ಅವಕಾಶ ಯಾರು ಬಿಡ್ತಾರೆ?

ಆ ಕಾಲದ ಕಾರುಗಳ ಮೀಟರಿನೊಳಗೆ ಎರಡು ಲೋಹ ಅಂಟಿಸಿದ ಒಂದು ಪಟ್ಟಿ ಇರುತ್ತೆ, ಸುತ್ತ ಬಿಸಿಯಾಗೋ ತಂತಿ. ಕರೆಂಟು ಹೆಚ್ಚು ಹರಿದಷ್ಟೂ ಪಟ್ಟಿ ಬಾಗಿ ಮುಳ್ಳನ್ನು ತಳ್ಳುತ್ತೆ. ಹಾಗಾಗಿಯೇ ಕೀ ತಿರುಗಿಸಿದಾಗ ಮುಳ್ಳು ನಿಧಾನಕ್ಕೆ ಮೈ ಮುರಿದುಕೊಂಡು ಏಳೋದು. ಬ್ಯಾಟರಿ ವೋಲ್ಟೇಜು ಏರಿಳಿದರೆ ಮುಳ್ಳೂ ಕುಣಿಯುತ್ತಲ್ಲ, ಅದಕ್ಕೆ ಹಿಂದೆ ಒಂದು ಚಿಕ್ಕ ಸ್ಟೆಬಿಲೈಸರ್ ಡಬ್ಬಿ, ಸರಾಸರಿ 10 ವೋಲ್ಟ್ ಮಾತ್ರ ಬಿಡುತ್ತೆ. ನೀರಿನ ಬಿಸಿ ತೋರಿಸೋ ಮೀಟರಿಗೂ ಅದೇ ಡಬ್ಬಿ. ನಮ್ಮ ಕಾರಿನಲ್ಲಿ ಬಿಸಿಯ ಮೀಟರ್ ಸರಿಯಾಗಿತ್ತು. ಅಂದರೆ ಡಬ್ಬಿ ಸರಿ ಇದೆ, ಫ್ಯೂಸು ಸರಿ ಇದೆ. ಎರಡೂ ಮುಳ್ಳು ಒಟ್ಟಿಗೆ ತೀರಾ ಮೇಲೆ ಹೋಗಿದ್ದರೆ ಆ ಡಬ್ಬಿಯನ್ನೋ ಅದರ ಅರ್ತಿಂಗನ್ನೋ ಹಿಡಿಯಬೇಕಿತ್ತು.

ಮುಂದಿನದು ಡಿಕ್ಕಿಯ ಒಳಗೆ, ಟ್ಯಾಂಕಿನ ನೆತ್ತಿ ಮೇಲಿರುವ ಸೆಂಡರ್. ಅದರ ವೈರ್ ಕಿತ್ತು, ಟ್ಯಾಂಕಿನ ಬಾಯಿಂದ ದೂರಕ್ಕೆ ತಂದು ಕಾರಿನ ಮೈಗೆ ಒಂದರೆಕ್ಷಣ ಮುಟ್ಟಿಸಿ ಹಿಡಿದೆ. ಮುಂದೆ ಕೂತಿದ್ದ ಮಾಮನ ಮಗಳು "ಎದ್ದಿತು, ಎದ್ದಿತು" ಅಂತ ಕೂಗಿದಳು. ಅಲ್ಲಿಗೆ ಮೀಟರೂ ಸರಿ, ಉದ್ದದ ವೈರೂ ಸರಿ. ರೋಗ ಟ್ಯಾಂಕಿನ ಕಡೆಯದೇ.

ಈ ತರಹದ ಸೆಂಡರ್ ಟ್ಯಾಂಕು ತುಂಬಿದಾಗ ಸುಮಾರು 20 ಓಮ್, ಖಾಲಿಯಾದಾಗ 240 ಓಮ್ ತೋರಿಸಬೇಕು. ಅರ್ಧ ಟ್ಯಾಂಕು ಪೆಟ್ರೋಲ್ ಹಾಕಿಸಿ ಅಳೆದೆ. ಸೆಂಡರಿನ ತುದಿಗೂ ಅದರದೇ ತಗಡಿಗೂ ನಡುವೆ 210. ಅದೇ ತುದಿಗೂ ಬ್ಯಾಟರಿಯ ಮೈನಸ್ಸಿಗೂ ನಡುವೆ 320 ಚಿಲ್ಲರೆ, ವೈರ್ ಅಲ್ಲಾಡಿಸಿದರೆ ಇನ್ನೂ ಏರುತ್ತೆ, ಇಳಿಯುತ್ತೆ. ಎರಡು ಸಂಖ್ಯೆಗಳೂ ತಪ್ಪು, ಬೇರೆ ಬೇರೆ ಕಾರಣಕ್ಕೆ. ಮೊದಲನೆಯದು ಬುರುಡೆಯ ತಪ್ಪು, ಎರಡರ ನಡುವಿನ 110 ಓಮ್ ಅರ್ತಿಂಗಿನ ತಪ್ಪು.

ಅರ್ತಿಂಗಿನ ವೈರ್ ಹಿಡಿದು ಹೋದರೆ ಡಿಕ್ಕಿಯ ಮೂಲೆಯಲ್ಲಿ ಒಂದು ಸ್ಕ್ರೂ. ಹಿಂದಿನ ಲೈಟಿನ ವೈರಿನ ಬಳೆ ಮೇಲೆ, ಟ್ಯಾಂಕಿನ ವೈರಿನ ಬಳೆ ಅದರ ಕೆಳಗೆ, ಎರಡಕ್ಕೂ ಒಂದೇ ಸ್ಕ್ರೂ. ಕೆಳಗಿನದು ಹಸಿರು, ಕಂದು ಎಲ್ಲಾ ಬಣ್ಣ ತಿರುಗಿತ್ತು. ಆ ಡಿಕ್ಕಿಯಲ್ಲಿ ಹೊತ್ತ ತೆಂಗಿನಕಾಯಿಗೆ ಲೆಕ್ಕವಿಲ್ಲ, ಒಡೆದ ಕಾಯಿನ ನೀರು ವರ್ಷಗಟ್ಟಲೆ ಆ ಮೂಲೆಗೇ ಇಳಿದಿರಬೇಕು ಅಂತ ನನ್ನ ಗುಮಾನಿ. ಬಿಚ್ಚುವಾಗ ಗಮನಿಸಿದೆ. ಸುತ್ತಲಿನ ಸ್ಕ್ರೂಗಳೆಲ್ಲ ಒಂಟಿ ಗೀರಿನವು, ಇದೊಂದು ಮಾತ್ರ ಸ್ಟಾರ್ ತಲೆಯದು. ಯಾರೋ ಯಾವತ್ತೋ ಬದಲಾಯಿಸಿದ್ದಾರೆ.

ಯಾವತ್ತು? ಮಾಮನ ಪುಸ್ತಕ ತಂದು ಕೂತೆ. ಅಜ್ಜಿಯ ರಾತ್ರಿಗೆ ಮೂರು ದಿನ ಹಿಂದಿನ ಒಂದು ಸಾಲು, ಮಾಮನದೇ ಅಕ್ಷರ: ಹಿಂದಿನ ಲೈಟ್ ರಿಪೇರಿ, 40 ರೂ. ಅದರ ಹಿಂದಿನ ಸಾಲಿನಲ್ಲಿ ಮುಳ್ಳು ಮಲಗಿದೆ ಅಂತ ಇದೆ.

ನನಗೆ ಎರಡು ನಿಮಿಷ ಮಾತೇ ಹೊರಡಲಿಲ್ಲ. ಲೈಟ್ ರಿಪೇರಿ ಮಾಡಿದವರು ಆ ಸ್ಕ್ರೂ ಬಿಚ್ಚಿ, ಎರಡೂ ಬಳೆ ಉಜ್ಜಿ, ಹೊಸ ಸ್ಕ್ರೂ ಹಾಕಿದ್ದಾರೆ. ನೀಟಾದ ಕೆಲಸ. ಅದರಿಂದ ಲೈಟಿನ ಜೊತೆಗೆ ಪೆಟ್ರೋಲ್ ಮೀಟರೂ ಸರಿಹೋಯ್ತು! ಹನ್ನೆರಡು ವರ್ಷ ಹತ್ತು ಲೀಟರ್ ಕಮ್ಮಿ ಹೇಳುತ್ತಿದ್ದ ಮುಳ್ಳು ಅವತ್ತಿನಿಂದ ನಿಜ ಹೇಳತೊಡಗಿತು. ಟ್ಯಾಂಕಿನಲ್ಲಿ ಇದ್ದ ಏಳೆಂಟು ಲೀಟರಿಗೆ ಅದು ಕಾಲಿನ ಹತ್ತಿರ ನಿಂತಿತು, ಅಪ್ಪ ನೋಡಿದ್ದು ಅದನ್ನೇ. ಅಪ್ಪ ನಾಲ್ಕು ಲೀಟರ್ ಓಡಿಸಿದ ಮೇಲೆ ಉಳಿದ ಮೂರು ಲೀಟರಿಗೆ ಕೂದಲೆಳೆ ಮೇಲೆ ನಿಂತಿತು, ಮಾಮ ನೋಡಿದ್ದು ಅದನ್ನು. ಇಬ್ಬರು ಹೇಳಿದ್ದೂ ನಿಜ. ಹಳೆಯದಾಗಿದ್ದು ಮಾಮನ ಕೋಷ್ಟಕ. ನಮ್ಮ ಆಫೀಸಿನಲ್ಲೂ ಇಂಥದು ಆಗುತ್ತೆ. ಒಂದು ಬಗ್ ಬಹಳ ವರ್ಷ ಇದ್ದರೆ ಜನ ಅದಕ್ಕೆ ತಕ್ಕ ಹಾಗೆ ಬದುಕೋದು ಕಲಿತಿರ್ತಾರೆ, ಯಾರೋ ಒಳ್ಳೆಯವರು ಹೇಳದೆ ಅದನ್ನು ಸರಿ ಮಾಡಿದ ದಿನ ಎಲ್ಲಾ ಕುಸಿಯುತ್ತೆ.

ಬುರುಡೆ ಕೆಲಸ ಬಾಕಿ ಇತ್ತು. ಬ್ಯಾಟರಿ ಬಿಚ್ಚಿಟ್ಟು, ಕಾರನ್ನು ಬಯಲಿಗೆ ತಳ್ಳಿ, ಸೆಂಡರನ್ನು ಹೊರಗೆ ತೆಗೆದೆ. ಕಡ್ಡಿಯನ್ನು ಕೈಯಲ್ಲಿ ಆಡಿಸಿದರೆ 20ರಿಂದ 240ರವರೆಗೆ ಚೆನ್ನಾಗಿ ಓಡುತ್ತೆ, ಸುರುಳಿ ಗಟ್ಟಿಯಾಗಿದೆ. ಮಾಮ ಬಂದು ಹಿತ್ತಾಳೆ ಬುರುಡೆಯನ್ನು ಇಸ್ಕೊಂಡು, ಏನೂ ಹೇಳದೆ ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿದ. "ನೀರೈತೆ ಕಣೋ" ಅಂದ. ಕೊಬ್ಬರಿ ನೋಡೋ ಕೈ! ಗೊಳಗೊಳ... ನೀರಲ್ಲ, ಪೆಟ್ರೋಲು. ಕಣ್ಣಿಗೆ ಕಾಣದ ತೂತಿನಿಂದ ಒಳಗಿಳಿದು ಬುರುಡೆ ಭಾರವಾಗಿ ಮುಳುಗಿಬಿಟ್ಟಿತ್ತು. ಕಾದ ನೀರನ್ನು ಒಲೆಯಿಂದ ದೂರ ತಂದಿಟ್ಟು ಅದರಲ್ಲಿ ಮುಳುಗಿಸಿದರೆ ತೂತಿನ ಜಾಗದಿಂದ ಗುಳ್ಳೆ ಸಾಲು ಏಳುತ್ತೆ. ಗುರುತು ಮಾಡಿ, ಒಳಗಿನದು ಪೂರ್ತಿ ಆರುವ ತನಕ ಎರಡು ದಿನ ಬಿಸಿಲಲ್ಲಿಟ್ಟು, ಹಿಂದೆ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದ ಹಿರಿಯರೊಬ್ಬರ ಕೈಲಿ ಬೆಸುಗೆ ಹಾಕಿಸಿದೆವು. (ಪೆಟ್ರೋಲ್ ಇರುವಾಗಲೇ ಬೆಸುಗೆ ಹಾಕಿದರೆ ಬುರುಡೆ ಅಲ್ಲ, ಬಾಂಬು. ದಯವಿಟ್ಟು ಬೇಡ.)

ಪೆಟ್ರೋಲಿನ ಗುಣವೂ ಮುಳ್ಳನ್ನು ಕೆಡಿಸಬಹುದು. 2004ರ ಮೇ ತಿಂಗಳಲ್ಲಿ ಅಮೆರಿಕದ ಫ್ಲೋರಿಡಾ, ಲೂಸಿಯಾನ ಕಡೆ ಗಂಧಕ ಹೆಚ್ಚಾದ ಪೆಟ್ರೋಲ್ ಬಂಕುಗಳಿಗೆ ಹೋಗಿ, ಸೆಂಡರಿನ ಬೆಳ್ಳಿಯ ತುದಿಗಳನ್ನು ತಿಂದು, ಎಷ್ಟೋ ಕಾರುಗಳ ಮೀಟರ್ ಕೆಟ್ಟಿದ್ದವು. ನಮ್ಮಲ್ಲಿ ಈಗ ಶೇಕಡಾ 20 ಎಥನಾಲ್ ಬೆರೆಸಿದ ಪೆಟ್ರೋಲ್ ಸಿಗುತ್ತಿದೆ. ಎಥನಾಲ್ ನೀರನ್ನು ಹೀರುತ್ತೆ, ಹಳೇ ತಗಡಿನ ಟ್ಯಾಂಕಿಗೆ ಅದು ಒಳ್ಳೆಯದಲ್ಲ. ಹಳೇ ಕಾರು ಇಟ್ಟುಕೊಂಡವರು ತಿಂಗಳುಗಟ್ಟಲೆ ಅರ್ಧ ಟ್ಯಾಂಕಿನಲ್ಲಿ ನಿಲ್ಲಿಸಬೇಡಿ.

ಈಗ ಟ್ಯಾಂಕು ತುಂಬಿಸಿದರೆ ಮುಳ್ಳು ಎಫ್ ಅಕ್ಷರದ ಹತ್ತಿರ ಹೋಗಿ ನಿಲ್ಲುತ್ತೆ. 34 ವರ್ಷದಲ್ಲಿ ಆ ಮುಳ್ಳನ್ನು ಅಲ್ಲಿ ನೋಡಿದ್ದು ಇದೇ ಮೊದಲು ಅಂದ ಮಾಮ. ಪುಸ್ತಕದ ಆ ಹಾಳೆಯ ಫೋಟೋ ತೆಗೆದು ಅಪ್ಪನಿಗೆ ಕಳಿಸಿದೆ, ಸ್ಕ್ರೂವಿನ ಫೋಟೋ ಕೂಡ. ಅಪ್ಪ ಫೋನ್ ಮಾಡಿದ್ದು ನನಗಲ್ಲ, ಮಾಮನಿಗೆ. ಮಾತು ಅರ್ಧ ಗಂಟೆ ನಡೀತು, ಬಹುಪಾಲು ಕೊಬ್ಬರಿ ರೇಟಿನ ಬಗ್ಗೆ. ಫೋನ್ ಇಟ್ಟ ಮೇಲೆ ಮಾಮ ಪೆನ್ನು ತಗೊಂಡು ಪುಸ್ತಕದಲ್ಲಿ ಹೊಸ ಸಾಲು ಬರೆದ: ತಾರೀಕು, ಕಿಲೋಮೀಟರ್, ಮುಳ್ಳು ಎಲ್ಲಿತ್ತು, ಎಷ್ಟು ಹಿಡೀತು.